ನೋವಿಲ್ಲದ ಕಾಲಿನ ಗಾಯ: ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಗೆ ಯಾವಾಗ ಹೋಗಬೇಕು

ಕಾಲಲ್ಲಿ ಗಾಯ ಇದೆ, ಆದರೆ ನೋವಿಲ್ಲ ಅಂತ ಹೇಳುವವರ ದನಿಯಲ್ಲಿ ಒಂದು ನೆಮ್ಮದಿ ಇರುತ್ತದೆ. ನೋವಿಲ್ಲ ಅಂದಮೇಲೆ ದೊಡ್ಡದೇನಲ್ಲ, ತಾನಾಗಿಯೇ ಮಾಯುತ್ತೆ ಅಂತ. ಆದರೆ ವರ್ಷಗಟ್ಟಲೆ ಶುಗರ್ ಇರುವವರಿಗೆ, ಕುಷ್ಠ ಬಂದು ಔಷಧಿ ಮುಗಿಸಿ ಗುಣವಾದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಎಲ್ಲಕ್ಕಿಂತ ಅಪಾಯದ ಗಾಯ ಇದೇ. ಇವರ ಕಾಲಿನ ನರಗಳು ಕೆಟ್ಟಿರುತ್ತವೆ. ಮೊಳೆ ಚುಚ್ಚಿದರೂ ಗೊತ್ತಾಗಲ್ಲ, ಬಿಸಿನೀರು ಸುಟ್ಟರೂ ಗೊತ್ತಾಗಲ್ಲ, ಗಾಯದ ಮೇಲೆ ದಿನವಿಡೀ ನಡೆದರೂ ಗೊತ್ತಾಗಲ್ಲ.

ನಾನು ಇಂಥ ಕಾಲುಗಳಿಗೆ ಡ್ರೆಸಿಂಗ್ ಮಾಡುವ ಕೆಲಸದಲ್ಲಿರುವವಳು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ಬರೆದಿರುವುದೆಲ್ಲ ಅದರ ಸುತ್ತಲೇ ಇದೆ. ಈ ಗಾಯ ಮಾಯಬೇಕಾದರೆ ಅದರ ಮೇಲಿನ ಭಾರ ಇಳಿಯಬೇಕು. ಮುಲಾಮು, ಮಾತ್ರೆ, ದುಬಾರಿ ಬ್ಯಾಂಡೇಜ್ ಎಲ್ಲ ಆಮೇಲೆ. ಜನ ಮುಲಾಮಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ, ಡ್ರೆಸಿಂಗ್ ಮಾಡಿಸಿಕೊಂಡು ಅದೇ ಕಾಲಿನಲ್ಲಿ ಬಸ್ ಸ್ಟ್ಯಾಂಡ್ ತನಕ ನಡೆದು ಹೋಗುತ್ತಾರೆ, ಆಮೇಲೆ ಶುಗರ್ ಗಾಯ ಅಲ್ವಾ, ಎಲ್ಲಿ ವಾಸಿಯಾಗುತ್ತೆ ಅಂತ ಕೈಚೆಲ್ಲುತ್ತಾರೆ. ವಾಸಿಯಾಗುತ್ತದೆ. ಕಾಲಿಗೆ ರಕ್ತ ಚೆನ್ನಾಗಿ ಹರಿಯುತ್ತಿದ್ದು, ಕೀವಿಲ್ಲದೆ, ಭಾರ ಬೀಳದೆ ಇದ್ದರೆ ಈ ಗಾಯಗಳಲ್ಲಿ ಹೆಚ್ಚಿನವು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಮಾಯುತ್ತವೆ.

ಸ್ಪರ್ಶ ಇದೆಯಾ ಅಂತ ಮನೆಯಲ್ಲೇ ನೋಡುವುದು

ಜೋಮು ಹಿಡಿದ ಹಾಗೆ, ಇರುವೆ ಹರಿದ ಹಾಗೆ, ಹತ್ತಿಯ ಮೇಲೆ ನಡೆದ ಹಾಗೆ ಅನಿಸುವುದು ಶುರುವಿನ ಲಕ್ಷಣಗಳು. ಕೆಲವರಿಗೆ ಇದ್ಯಾವುದೂ ಇಲ್ಲದೆಯೇ ಸ್ಪರ್ಶ ಹೋಗಿರುತ್ತದೆ. ಹವಾಯಿ ಚಪ್ಪಲಿ ದಾರಿಯಲ್ಲಿ ಜಾರಿ ಬಿದ್ದಿದ್ದು ಗೊತ್ತೇ ಆಗದೆ ನಾಲ್ಕು ಹೆಜ್ಜೆ ಮುಂದೆ ಹೋದರೆ, ಅದೊಂದೇ ಸಾಕು, ತಪಾಸಣೆ ಮಾಡಿಸಿ.

ಮನೆಯಲ್ಲಿ ಮಾಡಬಹುದಾದ ಸುಲಭದ ಪರೀಕ್ಷೆ ಒಂದಿದೆ. ಕಾಲು ನೀಡಿ ಕೂರಿಸಿ, ಕಣ್ಣು ಮುಚ್ಚಿಸಿ. ನಿಮ್ಮ ತೋರುಬೆರಳಿನಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ, ಒಂದೆರಡು ಸೆಕೆಂಡು, ಹಗುರಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ, ಸುಮ್ನೆ ಮುಟ್ಟಬೇಕು ಅಷ್ಟೆ. ಎರಡೂ ಕಾಲು ಸೇರಿ 6 ಬೆರಳು. ಮುಟ್ಟಿದಾಗ ಎಡ, ಬಲ ಅಂತ ಹೇಳಲಿ. 6ರಲ್ಲಿ 2 ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದರೆ ನರ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಸ್ಪತ್ರೆಯಲ್ಲಿ ಇದನ್ನೇ 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಮತ್ತು ಕಂಪಿಸುವ ಟ್ಯೂನಿಂಗ್ ಫೋರ್ಕ್‌ನಿಂದ ನೋಡುತ್ತಾರೆ. ಶುಗರ್ ಇರುವ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ಇದನ್ನು ಮಾಡಿಸಬೇಕು. ಶುಗರ್ ಪರೀಕ್ಷೆಗೆ ರಕ್ತ ಕೊಟ್ಟು ಬರುವವರಲ್ಲಿ ಎಷ್ಟು ಜನ ಸಾಕ್ಸ್ ಬಿಚ್ಚಿ ಕಾಲು ತೋರಿಸಿ ಬರುತ್ತಾರೆ ಹೇಳಿ? ಡಾಕ್ಟರು ಕೇಳದಿದ್ದರೂ ನೀವೇ ಬಿಚ್ಚಿ ತೋರಿಸಿ.

ಕುಷ್ಠಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ಅಥವಾ ಮುಗಿಸಿದವರು ಒಂದು ವಿಷಯ ತಿಳಿದಿರಬೇಕು. ಹೊಸದಾಗಿ ಜೋಮು ಬಂದರೆ, ಪಾದ ಎತ್ತಲು ಆಗದಿದ್ದರೆ, ನರದಲ್ಲಿ ನೋವು ಬಂದರೆ ಕಾಯಬೇಡಿ. ಆರು ತಿಂಗಳ ಒಳಗೆ ಶುರುವಾದ ನರದ ತೊಂದರೆ ಸ್ಟೀರಾಯ್ಡ್ ಚಿಕಿತ್ಸೆಯಿಂದ ಎಷ್ಟೋ ಮಟ್ಟಿಗೆ ಮರಳಬಹುದು. ತಡವಾದರೆ ಮರಳುವುದಿಲ್ಲ.

ಗಾಯ ಯಾಕಾಗುತ್ತದೆ

ನರ ಕೆಟ್ಟಾಗ ಬರೀ ಸ್ಪರ್ಶ ಹೋಗುವುದಲ್ಲ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಮಡಚಿಕೊಳ್ಳುತ್ತವೆ, ಅಂಗಾಲಿನ ಮುಂಭಾಗದ ಮೂಳೆಗಳು ಕೆಳಗೆ ಉಬ್ಬುತ್ತವೆ. ಬೆವರು ನಿಂತು ಚರ್ಮ ಒಣಗಿ ಒಡೆಯುತ್ತದೆ. ಉಬ್ಬಿದ ಮೂಳೆಯ ಕೆಳಗೆ ಪ್ರತಿ ಹೆಜ್ಜೆಯೂ ಒತ್ತುತ್ತದೆ, ಚರ್ಮ ದಪ್ಪವಾಗಿ ಗಟ್ಟಿಯಾಗುತ್ತದೆ. ಜನ ಇದನ್ನು ಆಣಿ ಅಂದುಕೊಳ್ಳುತ್ತಾರೆ. ಆ ಗಟ್ಟಿ ಚರ್ಮವೇ ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಒಳಗಿನ ಮೆತ್ತನೆಯ ಭಾಗವನ್ನು ಜಜ್ಜುತ್ತದೆ. ಮೇಲಿಂದ ನೋಡಿದರೆ ಏನೂ ಇರುವುದಿಲ್ಲ, ಒಳಗೆ ರಕ್ತ ಕಟ್ಟಿರುತ್ತದೆ. ಗಟ್ಟಿ ಚರ್ಮದಲ್ಲಿ ಕಪ್ಪು ಅಥವಾ ಕಂದು ಚುಕ್ಕೆ ಕಂಡರೆ ಅಲ್ಲಿ ಗಾಯ ಆಗಲೇ ಶುರುವಾಗಿದೆ ಅಂತಲೇ ಅಂದುಕೊಳ್ಳಿ.

ಚೆನ್ನಾಗಿರುವ ಕಾಲಿದ್ದವರು ಸ್ವಲ್ಪ ದೂರ ನಡೆದರೆ ತಮಗೇ ಗೊತ್ತಿಲ್ಲದೆ ಭಾರ ಅತ್ತಿತ್ತ ಬದಲಿಸುತ್ತಾರೆ, ಕುಂಟುತ್ತಾರೆ, ಕೂರುತ್ತಾರೆ. ಸ್ಪರ್ಶ ಇಲ್ಲದವರು ಒಂದೇ ಜಾಗಕ್ಕೆ ಭಾರ ಹಾಕುತ್ತಲೇ ಹೋಗುತ್ತಾರೆ.

ಇದನ್ನು ಜಗತ್ತಿಗೆ ತೋರಿಸಿದ್ದು ನಮ್ಮ ಪಕ್ಕದ ವೆಲ್ಲೂರಿನಲ್ಲಿ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಸರ್ಜನ್ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಳ ಕಾಲ ನೋಡಿದರು. ಕುಷ್ಠದಿಂದ ಮಾಂಸ ತಾನಾಗಿ ಕೊಳೆತು ಬೆರಳು ಬೀಳುತ್ತದೆ ಅಂತ ಆಗ ಎಲ್ಲರೂ ನಂಬಿದ್ದರು. ಅವರ ಮಾಂಸ ಎಲ್ಲರ ಮಾಂಸದಂತೆಯೇ ಮಾಯುತ್ತದೆ, ನೋವು ಗೊತ್ತಾಗದೆ ಮತ್ತೆ ಮತ್ತೆ ಪೆಟ್ಟಾಗುವುದೇ ಕಾರಣ ಅಂತ ಅವರು ತೋರಿಸಿದರು. ಗಾಯವಿದ್ದ ಕಾಲಿಗೆ ಪ್ಲಾಸ್ಟರ್ ಹಾಕಿದರೆ ವರ್ಷಗಟ್ಟಲೆ ಮಾಯದ ಹುಣ್ಣು ಮಾಯುತ್ತಿತ್ತು. 1966ರಲ್ಲಿ ಅವರು ಅಮೆರಿಕಕ್ಕೆ ಹೋದ ಮೇಲೆ ಅದೇ ಪ್ಲಾಸ್ಟರ್ ಶುಗರ್ ರೋಗಿಗಳಿಗೂ ಬಳಕೆಗೆ ಬಂತು. ಇವತ್ತಿಗೂ ಅಂಗಾಲಿನ ಗಾಯಕ್ಕೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಇನ್ನೊಂದಿಲ್ಲ.

ಗಾಯ ಕಂಡ ದಿನ

ಮೊದಲು ಕೂತುಕೊಳ್ಳಿ. ಆ ಕಾಲಿನ ಮೇಲೆ ನಡೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಗಾಯವನ್ನು ಸಲೈನ್‌ನಿಂದ ತೊಳೆಯಿರಿ. ಮೆಡಿಕಲ್ ಶಾಪಿನಲ್ಲಿ ನಾರ್ಮಲ್ ಸಲೈನ್ ಬಾಟಲಿ ಕಡಿಮೆ ಬೆಲೆಗೆ ಸಿಗುತ್ತದೆ. ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು. ಸ್ವಚ್ಛವಾದ ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಕಟ್ಟಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಮುಂದೆ ಗಾಯ ಕುಗ್ಗಿತೋ ಹಿಗ್ಗಿತೋ ಅಂತ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿಲ್ಲ. ಒಂದೆರಡು ದಿನದೊಳಗೆ ಡಾಕ್ಟರಿಗೆ ತೋರಿಸಿ, ಧನುರ್ವಾಯು ಇಂಜೆಕ್ಷನ್ ಬೇಕಾ ಅಂತ ಕೇಳಿ.

ಅರಿಸಿನ, ಕಾಫಿ ಪುಡಿ, ಬೂದಿ, ಸುಣ್ಣ, ಟೂತ್‌ಪೇಸ್ಟ್, ಹೊಗೆಸೊಪ್ಪು ಯಾವುದೂ ಬೇಡ. ಬೇರೆಯವರಿಗೆ ಉರಿದರೆ ಒರೆಸಿ ಹಾಕುತ್ತಾರೆ, ಈ ಕಾಲಿಗೆ ಉರಿಯೂ ಗೊತ್ತಾಗಲ್ಲ. ಜೊತೆಗೆ ಪುಡಿ ಗಾಯವನ್ನು ಮುಚ್ಚಿಬಿಡುವುದರಿಂದ ಒಳಗೆ ಏನಾಗುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ, ಹೊಸದಾಗಿ ಬೆಳೆಯುವ ಮಾಂಸವನ್ನೇ ಅವು ಸುಡುತ್ತವೆ. ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್ ಕೂಡ ಬೇಡ, ಅದರಲ್ಲಿರುವುದು ಚರ್ಮ ಕರಗಿಸುವ ಆಮ್ಲ. ಮನೆಯ ಬ್ಲೇಡಿನಿಂದ ಕೆರೆಯುವುದಂತೂ ಬೇಡವೇ ಬೇಡ.

ಗಾಯಕ್ಕೆ ಗಾಳಿ ಆಡಲಿ ಅಂತ ಬಿಚ್ಚಿಡುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಗಾಳಿಯ ಜೊತೆ ನೊಣವೂ ಬರುತ್ತದೆ, ಹುಳ ಬೀಳುತ್ತದೆ. ಮುಚ್ಚಿಯೇ ಇಡಿ.

ಇವು ಕಂಡರೆ ಅದೇ ದಿನ ಆಸ್ಪತ್ರೆಗೆ

ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಪಾದ ಬಿಸಿಯಾಗಿ ಊದಿಕೊಂಡಿದ್ದರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಬೆರಳು ನೀಲಿ ಇಲ್ಲವೇ ಕಪ್ಪಾದರೆ, ಗಾಯದ ತಳದಲ್ಲಿ ಮೂಳೆ ಕಂಡರೆ, ಜ್ವರ ಚಳಿ ಬಂದರೆ ನಾಳೆ ಅನ್ನಬೇಡಿ. ಕಾರಣವಿಲ್ಲದೆ ಶುಗರ್ ಏಕಾಏಕಿ ಏರಿದರೂ ಕಾಲು ಬಿಚ್ಚಿ ನೋಡಿ, ಎಷ್ಟೋ ಸಲ ಒಳಗಿನ ಕೀವಿನ ಮೊದಲ ಸುಳಿವು ಅದೇ. ಜ್ವರ ಇಲ್ಲ ಅಂತ ಧೈರ್ಯ ತಂದುಕೊಳ್ಳಬೇಡಿ, ಶುಗರ್ ಇರುವವರಿಗೆ ಕೀವು ಪಾದದ ತುಂಬ ಹರಡಿದ್ದರೂ ಕೆಲವೊಮ್ಮೆ ಜ್ವರ ಬರುವುದಿಲ್ಲ. ಇದುವರೆಗೆ ನೋವೇ ಇಲ್ಲದ ಕಾಲು ಈಗ ನೋಯಲು ಶುರುವಾದರೆ ಅದು ಸ್ಪರ್ಶ ಮರಳಿದ್ದಲ್ಲ, ಆಳದಲ್ಲಿ ಸೋಂಕು ಇರಬಹುದು.

ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು, ನೋವು ಅಷ್ಟೇನೂ ಇಲ್ಲದಿದ್ದರೆ ಅದು ಚಾರ್ಕೋ ಪಾದ ಅನ್ನುವ ತೊಂದರೆ ಇರಬಹುದು. ಒಳಗೆ ಮೂಳೆಗಳು ಪುಡಿಯಾಗುತ್ತಿರುತ್ತವೆ. ಉಳುಕು, ವಾತ ಅಂತ ಎಣ್ಣೆ ತಿಕ್ಕಿಸಿಕೊಂಡು ಓಡಾಡಿದರೆ ಕೆಲವೇ ವಾರಗಳಲ್ಲಿ ಪಾದದ ಆಕಾರವೇ ಕೆಟ್ಟುಹೋಗುತ್ತದೆ. ಕಾಲು ಕೆಳಗಿಡದೆ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಹಾಕಿಸಬೇಕು.

ಭಾರ ಇಳಿಸುವುದು

ಅಂಗಾಲಿನ ಗಾಯಕ್ಕೆ ಮೊದಲ ಆಯ್ಕೆ ಮೊಣಕಾಲಿನ ಕೆಳಗಿನವರೆಗೆ ಬರುವ, ಬಿಚ್ಚಲಾಗದ ಪ್ಲಾಸ್ಟರ್. ಪಾದದ ಆಕಾರಕ್ಕೆ ಪೂರ್ತಿ ಅಂಟಿಕೊಳ್ಳುವಂತೆ ಹಾಕುವುದರಿಂದ ಭಾರ ಇಡೀ ಪಾದಕ್ಕೂ ಕಣಕಾಲಿಗೂ ಹಂಚಿಹೋಗುತ್ತದೆ, ಗಾಯದ ಜಾಗದ ಮೇಲೆ ಒತ್ತಡ ಬಹಳ ಕಡಿಮೆಯಾಗುತ್ತದೆ. ಒಂದು ಎರಡು ವಾರಕ್ಕೊಮ್ಮೆ ಬಿಚ್ಚಿ, ಗಾಯ ನೋಡಿ, ಹೊಸದು ಹಾಕುತ್ತಾರೆ. ಇದನ್ನು ಹಾಕಲು ಗೊತ್ತಿರುವವರೇ ಹಾಕಬೇಕು. ಕೈಮುರಿದವರಿಗೆ ಹಾಕುವಂತೆ ಹಾಕಿದರೆ ಪ್ಲಾಸ್ಟರೇ ಹೊಸ ಗಾಯ ಮಾಡುತ್ತದೆ. ಜೋರಾದ ಸೋಂಕು ಇದ್ದಾಗ ಅಥವಾ ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದಾಗ ಇದು ಹೊಂದುವುದಿಲ್ಲ, ಮೊದಲು ಆ ತೊಂದರೆಗಳನ್ನು ನೋಡಬೇಕು.

ಬಿಚ್ಚಿ ಹಾಕುವ ಬೂಟು ಕೂಡ ಸಿಗುತ್ತದೆ. ಆದರೆ ಬಿಚ್ಚಬಹುದು ಅನ್ನುವುದೇ ಅದರ ದೋಷ. ಹೊರಗೆ ಹೋಗುವಾಗ ಹಾಕುತ್ತಾರೆ, ಮನೆಗೆ ಬಂದು ಬಿಚ್ಚಿ ಬರಿಗಾಲಲ್ಲಿ ಅಡುಗೆಮನೆ, ಬಚ್ಚಲು, ದೇವರಮನೆ ಅಂತ ಸುತ್ತುತ್ತಾರೆ. ಹೆಚ್ಚಿನ ಹೆಜ್ಜೆಗಳು ಬೀಳುವುದು ಮನೆಯೊಳಗೇ. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಗೂ ಅದು ಕಾಲಲ್ಲಿರಬೇಕು. ಬಿಚ್ಚುವವರು ಅಂತ ಗೊತ್ತಿದ್ದರೆ ಡಾಕ್ಟರು ಅದರ ಸುತ್ತ ಪ್ಲಾಸ್ಟರ್ ಪಟ್ಟಿ ಸುತ್ತಿಬಿಡುತ್ತಾರೆ, ನಾನಂತೂ ಅದನ್ನೇ ಕೇಳಿ ಹಾಕಿಸಿಕೊಳ್ಳಿ ಅನ್ನುತ್ತೇನೆ.

ಇದ್ಯಾವುದೂ ಹತ್ತಿರದಲ್ಲಿ ಸಿಗದ ಕಡೆ ದಪ್ಪ ಫೆಲ್ಟ್ ಅಥವಾ ಫೋಮ್ ತುಂಡನ್ನು ಗಾಯದ ಹಿಂದಿನ ಅಥವಾ ಸುತ್ತಲಿನ ಚರ್ಮಕ್ಕೆ ಅಂಟಿಸಿ, ಗಾಯ ನೆಲಕ್ಕೆ ತಾಗದಂತೆ ಮಾಡುತ್ತಾರೆ. ಅದರ ಮೇಲೆ ಸರಿಯಾದ ಚಪ್ಪಲಿ ಹಾಕಬೇಕು. ಪ್ಲಾಸ್ಟರಿನಷ್ಟು ಇದು ಕೆಲಸ ಮಾಡುವುದಿಲ್ಲ, ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ. ಸುಮ್ನೆ ಗಾಯದ ಕೆಳಗೇ ಹತ್ತಿಯ ಉಂಡೆ ಇಡಬೇಡಿ, ಒತ್ತಡ ಇನ್ನೂ ಜಾಸ್ತಿಯಾಗುತ್ತದೆ.

ಗಾಯ ಎಲ್ಲಿದೆ ಅನ್ನುವುದರ ಮೇಲೆ ಉಪಾಯ ಬದಲಾಗುತ್ತದೆ. ಕಣಕಾಲಿನ ಹೊರಬದಿಯ ಗೆಣ್ಣಿನ ಮೇಲೆ ಗಾಯವಾಗಿದ್ದರೆ ಕಾರಣ ಹೆಚ್ಚಾಗಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂರುವುದು. ಊಟಕ್ಕೆ, ಪೂಜೆಗೆ, ಭಜನೆಗೆ, ಬೀಡಿ ಕಟ್ಟಲು, ಹೂ ಕಟ್ಟಲು ಗಂಟೆಗಟ್ಟಲೆ ಹಾಗೆ ಕೂರುವವರಿಗೆ ಇದು ಆಗುತ್ತದೆ. ಕುರ್ಚಿಯ ಮೇಲೆ ಕೂರಿ, ದೇವರು ಬೇಡ ಅನ್ನಲ್ಲ. ಬೆರಳಿನ ಪಕ್ಕದ ಗಾಯ ಅಂದರೆ ಶೂ ಕಿರಿದಾಗಿದೆ. ಹಾಸಿಗೆ ಹಿಡಿದವರ ಹಿಮ್ಮಡಿಯ ಗಾಯಕ್ಕೆ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಬೇಕು, ಹಿಮ್ಮಡಿಯ ಕೆಳಗೆ ದಿಂಬು ಇಟ್ಟರೆ ಏನೂ ಪ್ರಯೋಜನವಿಲ್ಲ. ಮಡಚಿದ ಬೆರಳ ತುದಿಯಲ್ಲಿ ಗಾಯ ಮತ್ತೆ ಮತ್ತೆ ಆಗುತ್ತಿದ್ದರೆ, ಬೆರಳು ನೇರವಾಗುವಂತೆ ಕೆಳಗಿನ ಸ್ನಾಯುವಿನ ದಾರವನ್ನು ಕತ್ತರಿಸಿ ಸಡಿಲಿಸುವ ಒಂದು ಸಣ್ಣ ಆಪರೇಶನ್ ಇದೆ, ಆ ಬಗ್ಗೆ ಕೇಳಿ.

ಒಂದು ಕಾಲೆತ್ತಿ ಇನ್ನೊಂದರಲ್ಲಿ ಕುಂಟುವುದು ಬೇಡ. ಆ ಇನ್ನೊಂದು ಕಾಲಿನ ನರವೂ ಹೆಚ್ಚಾಗಿ ಕೆಟ್ಟಿರುತ್ತದೆ, ಪೂರ್ತಿ ಭಾರ ಅದರ ಮೇಲೆ ಬಿದ್ದರೆ ಎರಡು ಕಾಲಿಗೂ ಗಾಯವಾಗುತ್ತದೆ. ವಾಕರ್ ಅಥವಾ ಊರುಗೋಲು ಬಳಸಿ, ದಿನವೂ ಚೆನ್ನಾಗಿರುವ ಕಾಲನ್ನೂ ನೋಡಿ.

ಮನೆಯವರಿಗೆ ಇಲ್ಲಿ ನಿಜವಾದ ಕೆಲಸ ಇದೆ. ಹೆಂಗಸರಿಗೆ ಗಾಯವಾದಾಗ ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಅಮ್ಮ ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಒಲೆ ಮುಂದೆ ನಿಂತಿರುತ್ತಾಳೆ, ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ಅಡುಗೆಮನೆಯಲ್ಲಿ ಎತ್ತರದ ಸ್ಟೂಲ್ ಇಡಿ. ಬಟ್ಟೆ, ನೀರು, ಅಂಗಡಿ ಕೆಲಸ ಬೇರೆಯವರು ಮಾಡಿ. ರಾತ್ರಿಗೆ ಹಾಸಿಗೆ ಪಕ್ಕ ಕಮೋಡ್ ಕುರ್ಚಿ ಇಟ್ಟರೆ ಎಷ್ಟೋ ಹೆಜ್ಜೆ ಉಳಿಯುತ್ತದೆ. ದಿನಗೂಲಿ ಮಾಡುವವರಿಗೆ ಎರಡು ತಿಂಗಳು ಕೂರಿ ಅಂತ ಹೇಳುವುದು ಸುಲಭ, ಕೂರುವುದು ಕಷ್ಟ, ಅದು ನನಗೆ ಗೊತ್ತು. ಅಂಥವರಿಗೇ ಬಿಚ್ಚಲಾಗದ ಪ್ಲಾಸ್ಟರ್ ಹೆಚ್ಚು ಬೇಕಾಗಿರುವುದು, ಅದನ್ನು ಹಾಕಿಕೊಂಡು ಸ್ವಲ್ಪವಾದರೂ ಓಡಾಡಬಹುದು.

ಮನೆಯಲ್ಲಿ ಡ್ರೆಸಿಂಗ್

ಎಷ್ಟು ದಿನಕ್ಕೊಮ್ಮೆ, ಏನು ಹಚ್ಚಿ ಅನ್ನುವುದನ್ನು ನಿಮ್ಮ ಡಾಕ್ಟರು ಹೇಳುತ್ತಾರೆ. ಕ್ರಮ ಮಾತ್ರ ಎಲ್ಲರಿಗೂ ಒಂದೇ.

1. ಸೋಪಿನಿಂದ ಕೈ ತೊಳೆಯಿರಿ, ಉಗುರ ಸಂದಿಯೂ ಸೇರಿ. ಗ್ಲೌಸ್ ಇದ್ದರೆ ಹಾಕಿ.
2. ಹಳೆಯ ಪಟ್ಟಿ ಅಂಟಿಕೊಂಡಿದ್ದರೆ ಸಲೈನ್ ಹಾಕಿ ನೆನೆಸಿ ಬಿಡಿಸಿ. ಎಳೆದರೆ ಹೊಸ ಚರ್ಮವೂ ಕಿತ್ತು ಬರುತ್ತದೆ. ನೋಯುವುದಿಲ್ಲವಲ್ಲ ಅಂತ ಎಳೆಯುವವರೇ ಜಾಸ್ತಿ.
3. ಬಿಚ್ಚಿದ ಪಟ್ಟಿಯನ್ನು ನೋಡಿ. ಬಣ್ಣ, ಪ್ರಮಾಣ, ವಾಸನೆ ಬದಲಾಗಿದೆಯಾ?
4. ಸಲೈನ್‌ನಿಂದ ಗಾಯ ತೊಳೆದು, ಸುತ್ತಲಿನ ಚರ್ಮವನ್ನು ಒತ್ತಿ ಒಣಗಿಸಿ. ಬೆರಳ ಸಂದಿಯಲ್ಲಿ ತೇವ ಉಳಿಯಬಾರದು.
5. ಡಾಕ್ಟರು ಹೇಳಿದ್ದನ್ನು ಮಾತ್ರ ಹಚ್ಚಿ, ಗಾಜ್ ಇಟ್ಟು ರೋಲರ್ ಬ್ಯಾಂಡೇಜ್ ಸಡಿಲವಾಗಿ ಸುತ್ತಿ. ಬೆರಳಿನ ಸುತ್ತ ಟೇಪನ್ನು ಉಂಗುರದಂತೆ ಪೂರ್ತಿ ಸುತ್ತಬೇಡಿ, ಊದಿದಾಗ ರಕ್ತ ನಿಲ್ಲುತ್ತದೆ.

ಕಾಲುಂಗುರ ಹಾಕಿದವರು ಗಾಯ ಕಂಡ ತಕ್ಷಣ ಅದನ್ನು ತೆಗೆದಿಡಿ. ಊದಿಕೊಂಡ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಮನೆಯ ಹಿರಿಯರಿಗೆ ಇದನ್ನು ಹೇಳಲು ಸೊಸೆಯಂದಿರು ಹಿಂಜರಿಯುತ್ತಾರೆ, ಹಿಂಜರಿಯಬೇಡಿ, ಮಾಯಿದ ಮೇಲೆ ಮತ್ತೆ ಹಾಕಬಹುದು.

ಗಾಯ ತೇವವಾಗಿರಬೇಕು, ಒದ್ದೆಯಾಗಿರಬಾರದು. ಪಟ್ಟಿಯ ಹೊರಗೆ ಸೋರಿದರೆ ಬದಲಿಸಿ. ಸ್ನಾನಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ. ಸಲೈನ್ ಬಾಟಲಿ ಒಡೆದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ.

ಕಾಲು ನೆನೆಸಬೇಕಾ ಬೇಡವಾ

ಇದರಲ್ಲಿ ಜನರಿಗೆ ಗೊಂದಲ ಜಾಸ್ತಿ. ಕುಷ್ಠದಿಂದ ಸ್ಪರ್ಶ ಹೋದವರಿಗೆ ಆರೋಗ್ಯ ಕೇಂದ್ರದಲ್ಲಿ ಕಲಿಸುವ ಕ್ರಮ ಹೀಗಿದೆ: ತಣ್ಣೀರಿನಲ್ಲಿ ಸುಮಾರು 20 ನಿಮಿಷ ಕಾಲು ನೆನೆಸಿ, ಗಟ್ಟಿ ಚರ್ಮವನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚುವುದು. ಒಣಗಿ ಒಡೆದ ಚರ್ಮಕ್ಕೆ ಇದು ತುಂಬ ಒಳ್ಳೆಯದು. ಶುಗರ್ ಇರುವವರು ಮಾತ್ರ ಕಾಲು ನೆನೆಸಿಡಬೇಡಿ. ಬೆರಳ ಸಂದಿ ಬಿಳಿಚಿ ಸೋಂಕು ಹತ್ತುತ್ತದೆ, ನೀರು ಬಿಸಿ ಇದ್ದರೆ ಸುಟ್ಟುಕೊಳ್ಳುತ್ತಾರೆ. ಅವರು ತೊಳೆದು, ಒರೆಸಿ, ಅಂಗಾಲಿಗೂ ಹಿಮ್ಮಡಿಗೂ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿದರೆ ಸಾಕು. ಬೆರಳ ಸಂದಿಗೆ ಹಚ್ಚುವುದು ಬೇಡ. ಗಟ್ಟಿ ಚರ್ಮವನ್ನು ತೆಗೆಯುವುದು ಆಸ್ಪತ್ರೆಯವರ ಕೆಲಸ.

ಡಾಕ್ಟರ ಹತ್ತಿರ ಏನು ಕೇಳಬೇಕು

ಗಾಯದ ಸುತ್ತಲಿನ ಗಟ್ಟಿ ಚರ್ಮ, ಸತ್ತ ಮಾಂಸವನ್ನು ಬ್ಲೇಡಿನಿಂದ ತೆಗೆಯುವುದು ಚಿಕಿತ್ಸೆಯ ದೊಡ್ಡ ಭಾಗ. ತೆಗೆದ ಮೇಲೆ ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ, ಹೆದರಬೇಡಿ, ನಿಜವಾದ ಅಳತೆ ಅದೇ.

ಕಾಲಿನ ನಾಡಿ ಸಿಗುತ್ತಿದೆಯಾ ಅಂತ ಕೇಳಿ. ರಕ್ತನಾಳ ಕಟ್ಟಿಕೊಂಡಿದ್ದರೆ ಎಷ್ಟು ಡ್ರೆಸಿಂಗ್ ಮಾಡಿದರೂ ಗಾಯ ಮಾಯುವುದಿಲ್ಲ, ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಮಾಡಿ, ಬೇಕಾದರೆ ರಕ್ತನಾಳ ತೆರೆಯಬೇಕು. ಬೆರಳು ಅಥವಾ ಕಾಲು ತೆಗೆಯಬೇಕು ಅಂತ ಯಾರಾದರೂ ಹೇಳಿದರೆ, ತೀರಾ ತುರ್ತಿನ ಸೋಂಕು ಇಲ್ಲದಿದ್ದಲ್ಲಿ, ಮೊದಲು ರಕ್ತನಾಳದ ಸರ್ಜನ್‌ಗೆ ತೋರಿಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಾಯದ ಒಳಗೆ ಕಡ್ಡಿ ಹಾಕಿದಾಗ ಮೂಳೆ ತಾಗುತ್ತಾ, ಎಕ್ಸ್‌ರೇ ಬೇಕಾ ಅಂತಲೂ ಕೇಳಿ. ಮೂಳೆಗೆ ಸೋಂಕು ಹತ್ತಿದ್ದರೆ ಆಂಟಿಬಯಾಟಿಕ್ ಹಲವು ವಾರ ಬೇಕಾಗುತ್ತದೆ. ಸೋಂಕೇ ಇಲ್ಲದ ಗಾಯಕ್ಕೆ ಆಂಟಿಬಯಾಟಿಕ್ ಬೇಡ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ.

4 ವಾರಕ್ಕೆ ಗಾಯದ ವಿಸ್ತೀರ್ಣ ಅರ್ಧದಷ್ಟಾದರೂ ಕುಗ್ಗಿರಬೇಕು. ಕುಗ್ಗಿಲ್ಲ ಅಂದರೆ ಅದೇ ಡ್ರೆಸಿಂಗ್ ಮುಂದುವರಿಸಬೇಡಿ. ಭಾರ ಬೀಳುತ್ತಿದೆಯಾ, ರಕ್ತ ಹರಿಯುತ್ತಿದೆಯಾ, ಮೂಳೆಗೆ ಸೋಂಕು ಇದೆಯಾ ಅಂತ ಮತ್ತೆ ಮೊದಲಿಂದ ನೋಡಬೇಕು. ಬೆಂಗಳೂರಿನ ಜಯನಗರದಲ್ಲಿರುವ ಸರ್ಕಾರಿ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೆಂದೇ ವಿಭಾಗ ಇದೆ. ಊರು ದೂರವಿದ್ದರೆ ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿನ ಸರ್ಜರಿ ವಿಭಾಗಕ್ಕೆ ಹೋಗಿ.

ಊಟ, ಶುಗರ್, ಬೀಡಿ

ಗಾಯ ಆದವರಿಗೆ ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು ಅಂತ ಗಂಜಿ ಕುಡಿಸಿ ಕೂರಿಸುತ್ತಾರೆ. ಗಾಯ ಕಟ್ಟಲು ದೇಹಕ್ಕೆ ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಬೇಳೆ, ಕಾಳು, ಮೊಸರು ಯಾವುದನ್ನೂ ಬಿಡಬೇಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಸೋಂಕು ಇರುವಾಗ ಕೆಲವು ದಿನ ಇನ್ಸುಲಿನ್ ಬೇಕು ಅಂದರೆ ತೆಗೆದುಕೊಳ್ಳಿ. ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡಲಾಗಲ್ಲ ಅನ್ನುವುದು ಎಲ್ಲರಿಗೂ ನಿಜವಲ್ಲ, ಗಾಯ ಮಾಯಿದ ಮೇಲೆ ಎಷ್ಟೋ ಜನ ಮಾತ್ರೆಗೆ ಮರಳುತ್ತಾರೆ. ಬೀಡಿ, ಸಿಗರೇಟ್ ನಿಲ್ಲಿಸಿ, ಅವು ಕಾಲಿನ ರಕ್ತನಾಳವನ್ನೇ ಕಟ್ಟುತ್ತವೆ.

ಮಾಯಿದ ಮೇಲೆ

ಮಾಯಿತು ಅಂತ ಎಲ್ಲವನ್ನೂ ಬಿಟ್ಟುಬಿಡುವ ಹೊತ್ತು ಇದಲ್ಲ. ಶುಗರ್ ಇರುವವರಲ್ಲಿ ಗಾಯ ಮಾಯಿದ ಒಂದು ವರ್ಷದೊಳಗೆ ಸುಮಾರು 40 ಶೇಕಡಾ ಜನರಿಗೆ ಮತ್ತೆ ಗಾಯವಾಗುತ್ತದೆ. ಹೊಸ ಚರ್ಮ ತೆಳು, ಮೂಳೆ ಉಬ್ಬಿರುವುದು ಹಾಗೇ ಇದೆ, ಸ್ಪರ್ಶವೂ ಮರಳಿಲ್ಲ. ಮೊದಲ ದಿನಗಳಲ್ಲಿ ಸ್ವಲ್ಪವೇ ನಡೆದು, ಕೂತು, ಕಾಲು ನೋಡಿ. ಕೆಂಪು ಇಲ್ಲದಿದ್ದರೆ ಮರುದಿನ ಸ್ವಲ್ಪ ಹೆಚ್ಚು.

ಚಪ್ಪಲಿ ಬದಲಾಗಬೇಕು. ಹವಾಯಿ ಬೇಡ, ಅದರ ಪಟ್ಟಿ ಹೆಬ್ಬೆರಳ ಸಂದಿಯನ್ನೇ ಕುಯ್ಯುತ್ತದೆ, ಹಿಡಿದುಕೊಳ್ಳಲು ಬೆರಳು ಮಡಚಬೇಕಾಗುತ್ತದೆ. ಒಳಗೆ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರ್, ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ, ಮೇಲೆ ವೆಲ್ಕ್ರೋ ಇರುವುದನ್ನು ಹಾಕಿ. ಮೊಳೆ ಹೊಡೆದು ಮಾಡಿದ್ದು ಬೇಡ, ಹೊಲಿದದ್ದು ಅಥವಾ ಅಂಟಿಸಿದ್ದು ಆಗಬೇಕು. ಕುಷ್ಠದಿಂದ ಸ್ಪರ್ಶ ಹೋದವರಿಗೆ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಎಂಸಿಆರ್ ಚಪ್ಪಲಿ ಉಚಿತ, ನಿಮ್ಮ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಅಂಗಡಿಯಲ್ಲಿ ಕೊಳ್ಳುವವರು ಸಂಜೆ ಹೋಗಿ, ಕಾಲು ಊದಿರುವ ಹೊತ್ತಿಗೆ. ಮನೆಯಲ್ಲಿ ಹಳೆ ಪೇಪರಿನ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿ, ಕತ್ತರಿಸಿ ಒಯ್ಯಿರಿ. ಚಪ್ಪಲಿ ಆ ಪೇಪರಿಗಿಂತ ಕಿರಿದಾಗಿದ್ದರೆ ಕೊಳ್ಳಬೇಡಿ. ಅಂಗಡಿಯಲ್ಲಿ ಹಾಕಿ ನೋಡಿ ಆರಾಮಾಗಿದೆ ಅನ್ನುವುದನ್ನು ನಂಬಲಾಗದು, ಆರಾಮವೋ ಅಲ್ಲವೋ ಹೇಳುವ ನರವೇ ಕೆಟ್ಟಿದೆ.

ಹಾಕುವ ಮುನ್ನ ಪ್ರತಿ ಸಲ ಕೈ ಹಾಕಿ ಒಳಗೆ ತಡಕಿ. ಕಲ್ಲು, ಗುಂಡಿ, ಚಿಲ್ಲರೆ ನಾಣ್ಯ, ಒಮ್ಮೊಮ್ಮೆ ಚೇಳು. ಜಾಲಿ ಮುಳ್ಳಿರುವ ಹೊಲದಿಂದ ಬಂದವರು ಅಟ್ಟೆಯನ್ನೂ ತಿರುಗಿಸಿ ನೋಡಿ.

ದಿನಾ ರಾತ್ರಿ ಮಲಗುವ ಮುನ್ನ ಬೆಳಕಿನಲ್ಲಿ ಪಾದ ನೋಡಿ, ಬಗ್ಗಲಾಗದಿದ್ದರೆ ಕನ್ನಡಿ ಕೆಳಗಿಟ್ಟು, ಕಣ್ಣು ಮಂಜಾಗಿದ್ದರೆ ಮಕ್ಕಳಿಂದ. ಅಂಗೈ ಹಿಂಭಾಗದಿಂದ ಎರಡೂ ಪಾದ ಮುಟ್ಟಿ ಹೋಲಿಸಿ. ಮನೆಯಲ್ಲಿ ಜ್ವರ ನೋಡುವ ಗನ್ ಥರ್ಮಾಮೀಟರ್ ಇದ್ದರೆ ಅದನ್ನೂ ಬಳಸಬಹುದು. ಒಂದು ಪಾದದ ಒಂದು ಜಾಗ, ಇನ್ನೊಂದು ಪಾದದ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಇದ್ದು, ಮರುದಿನವೂ ಹಾಗೇ ಇದ್ದರೆ, ನಡೆಯುವುದು ಕಡಿಮೆ ಮಾಡಿ ಡಾಕ್ಟರಿಗೆ ತೋರಿಸಿ. ಗಾಯ ಆಗುವ ಮೊದಲೇ ಸಿಗುವ ಸೂಚನೆ ಇದು. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ತೋಡಬೇಡಿ. ಒಮ್ಮೆ ಗಾಯ ಆಗಿ ಮಾಯಿದವರು ಒಂದರಿಂದ ಮೂರು ತಿಂಗಳಿಗೊಮ್ಮೆ ಪಾದ ತೋರಿಸಿಕೊಳ್ಳಬೇಕು.

ಬಿಸಿಯ ವಿಷಯದಲ್ಲಿ ತುಂಬ ಜಾಗ್ರತೆ ಬೇಕು. ಸ್ನಾನದ ನೀರನ್ನು ಮೊಣಕೈಯಿಂದ ನೋಡಿ ಅಥವಾ ಬೇರೆಯವರಿಂದ ನೋಡಿಸಿ, ಕಾಲಿಂದ ನೋಡಬೇಡಿ. ಬಿಸಿನೀರಿನ ಚೀಲ, ಒಲೆ ಮುಂದೆ ಕಾಲು ಕಾಯಿಸುವುದು ಬೇಡ. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಕಾಲಿಟ್ಟು ಕೂರಬೇಡಿ, ಊರು ತಲುಪುವ ಹೊತ್ತಿಗೆ ಅಂಗಾಲು ಬೊಬ್ಬೆ ಬಂದಿರುತ್ತದೆ. ನೆಲದ ಮೇಲೆ ಮಲಗುವವರು ಇಲಿ ಇರುವ ಮನೆಯಲ್ಲಿ ಸೊಳ್ಳೆಪರದೆ ಕಟ್ಟಿಕೊಳ್ಳಿ. ಸ್ಪರ್ಶ ಇಲ್ಲದ ಬೆರಳನ್ನು ಇಲಿ ಕಚ್ಚಿದರೂ ಎಚ್ಚರ ಆಗುವುದಿಲ್ಲ, ಇದು ನಿಜವಾಗಿ ಆಗುತ್ತದೆ.

ಕೊನೆಗೆ, ಹರಕೆಯ ವಿಷಯ. ಯುಗಾದಿ ಹತ್ತಿರ ಬಂದರೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿದ್ದಾರೆ, ಶಬರಿಮಲೆ ಮಾಲೆ ಹಾಕಿ ಬರಿಗಾಲಲ್ಲಿ ಇರುವವರಿದ್ದಾರೆ. ಸ್ಪರ್ಶ ಹೋದ ಕಾಲಿದ್ದವರು ಪಾದಯಾತ್ರೆ ಬೇಡ, ಕೆಂಡ ಹಾಯುವುದು ಬೇಡ. ಬಸ್ಸಿನಲ್ಲಿ ಹೋಗಿ. ಬಿಸಿಲೇರುವ ಮೊದಲೇ ದರ್ಶನ ಮುಗಿಸಿ, ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಬೇಡಿ. ಚಪ್ಪಲಿ ಬಿಡುವ ಜಾಗದಿಂದ ಒಳಗೆ ದಪ್ಪ ಹತ್ತಿಯ ಸಾಕ್ಸ್ ಹಾಕಿಕೊಳ್ಳಿ, ಯಾರಾದರೂ ಆಕ್ಷೇಪ ಮಾಡಿದರೆ ಕಾಯಿಲೆ ಇದೆ ಅಂತ ಹೇಳಿ. ಹೊರಗೆ ಬಂದು ಚಪ್ಪಲಿ ಹಾಕುವ ಮುನ್ನ ಸಾಕ್ಸ್ ಬಿಚ್ಚಿ, ಅಲ್ಲೇ ಕಟ್ಟೆಯ ಮೇಲೆ ಕೂತು, ಎರಡೂ ಅಂಗಾಲು ನೋಡಿಕೊಳ್ಳಿ.